ನೀಲಿ ಬಾವಿಯ ಅಂಚಿನಲ್ಲಿ

ಈಜಿಪ್ಟಿನ ದಹಬ್ ಊರಿನಿಂದ ಉತ್ತರಕ್ಕೆ ಹೊರಟ ದಾರಿ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ನುಸುಳಿಕೊಂಡು ಹೋಗುತ್ತದೆ. ಎಡಗಡೆ ಸಿನಾಯ್‌ನ ಬೋಳು ಬೆಟ್ಟಗಳು, ಹುಡುಕಿದರೂ ಹಸಿರಿಲ್ಲ. ಬಲಗಡೆ ಅಕಾಬಾ ಕೊಲ್ಲಿ. ಅದರಾಚೆ ಬಿಸಿಲು ಏರುತ್ತಿದ್ದಂತೆ ಮಸುಕಾಗುವ ಸೌದಿ ಅರೇಬಿಯಾದ ಬೆಟ್ಟಸಾಲು. ನಡುವಿನ ಈ ನೀರು ನಿಂತಿರುವುದು ಭೂಮಿಯ ಒಂದು ಸೀಳಿನಲ್ಲಿ. ಅರೇಬಿಯಾ ಒಂದು ಕಡೆಗೆ, ಸಿನಾಯ್ ಇನ್ನೊಂದು ಕಡೆಗೆ ಸರಿಯುತ್ತ ತೆರೆದ ಬಿರುಕು ಅದು. ಕೆಲವೆಡೆ ಆಳ 1,800 ಮೀಟರ್‌ ದಾಟುತ್ತದೆ. ಮಲೆನಾಡಿನ ಹೊಳೆಯಲ್ಲಿ, ಕೆಂಪು ನೀರಲ್ಲಿ ಈಜು ಕಲಿತ ನನಗೆ ದಡದಲ್ಲಿ ನಿಂತೇ ಹವಳದ ಕೊಂಬೆಗಳು ಕಾಣುವುದನ್ನು ನಂಬಲಾಗಲಿಲ್ಲ. ಇಲ್ಲಿ ಮಣ್ಣು ಹೊತ್ತು ತರುವ ನದಿಯೇ ಇಲ್ಲ, ಮಳೆಯೂ ಅಪರೂಪ. ನೀರು ತಿಳಿಯಾಗಿರದೆ ಇನ್ನೇನು!

ಬ್ಲೂ ಹೋಲ್ ಇರುವುದು ದಡದಿಂದ ಕೆಲವೇ ಹೆಜ್ಜೆ ದೂರದಲ್ಲಿ. ಹವಳದ ದಿಬ್ಬದ ನಡುವೆ ದುಂಡಗೆ ತೆರೆದುಕೊಂಡ ಬಾವಿ, ಆಳ ಸುಮಾರು 100 ಮೀಟರ್. ಅಂಚಿನಲ್ಲಿ ಮೊಣಕಾಲುದ್ದದ ನೀರು, ಒಂದು ಹೆಜ್ಜೆ ಮುಂದಿಟ್ಟರೆ ನೆಲವೇ ಇಲ್ಲ. ಉಸಿರು ಕಟ್ಟಿ ಮುಳುಗುವವರು ಜಗತ್ತಿನ ಎಲ್ಲೆಡೆಯಿಂದ ಇಲ್ಲಿಗೆ ಬರುವುದು ಇದಕ್ಕೇ. ದೋಣಿ ಬೇಡ, ದೂರ ಈಜಬೇಕಿಲ್ಲ, ಒಳಗೆ ಅಲೆಯ ಹೊಡೆತವೂ ಕಡಿಮೆ.

ಈಜುಕೊಳದಲ್ಲಿ ನಮ್ಮನ್ನು ಪಳಗಿಸಿದ್ದ ಕ್ಲಬ್ಬಿನವರು ಅವತ್ತು ಮೊದಲ ಸಲ ತೆರೆದ ಕಡಲಿಗೆ ಕರೆತಂದಿದ್ದರು. ಬೆದುವಿನರ ಚಹಾದಂಗಡಿಯ ಕಂಬಳಿಯ ಮೇಲೆ ಸಾಮಾನು ಹರಡಿತು. ಉದ್ದನೆಯ ಫಿನ್ಸ್, ಚಿಕ್ಕ ಮಾಸ್ಕ್, ರಬ್ಬರ್ ಬೆಲ್ಟ್, ಸೀಸದ ತುಂಡುಗಳು. ವೆಟ್‌ಸೂಟಿನ ಒಳಮೈಗೆ ಸೋಪಿನ ನೀರು ಸುರಿದರೆ ಮಾತ್ರ ಅದು ಮೈಗೇರುತ್ತದೆ. ಇಲ್ಲದಿದ್ದರೆ ಚರ್ಮಕ್ಕೆ ಕಚ್ಚಿಕೊಂಡು ಹರಿದೇ ಹೋಗುತ್ತದೆ.

ಸೀಸದ ಲೆಕ್ಕಕ್ಕೆ ಬಹಳ ಹೊತ್ತು ಹಿಡಿಯಿತು. ಸಾಗರಗಳ ನೀರಿನಲ್ಲಿ ಕಿಲೋಗೆ ಸರಾಸರಿ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಸುಮಾರು 40. ಅಷ್ಟಕ್ಕೇ ಮೈ ಹೆಚ್ಚು ತೇಲುತ್ತದೆ. ಸುಮಾರು 10 ಮೀಟರ್ ಆಳದಲ್ಲಿ ತೇಲಲೂ ಬಾರದು, ಮುಳುಗಲೂ ಬಾರದು, ಹಾಗೆ ತೂಕ ಕಟ್ಟಬೇಕು. ಸೀಸ ಹೆಚ್ಚಾದರೆ ಮರಳಿ ಮೇಲೆ ಬರುವುದೇ ಕಷ್ಟ. ಕಡಿಮೆಯಾದರೆ ಇಳಿಯುವಾಗಲೇ ಕಾಲುಗಳು ಸೋಲುತ್ತವೆ.

ಈ 10 ಮೀಟರಿನ ಲೆಕ್ಕ ನನ್ನನ್ನು ಬಹಳ ಕಾಡಿತ್ತು. ಅಲ್ಲಿ ಒತ್ತಡ ದಡದಲ್ಲಿರುವುದರ ಎರಡು ಪಟ್ಟು, ಹಾಗಾಗಿ ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 30 ಮೀಟರ್‌ಗೆ ಇಳಿದರೆ ಕಾಲು ಭಾಗ. 1949ರಲ್ಲಿ ಇಟಲಿಯ ರೈಮೊಂಡೊ ಬುಕರ್ 30 ಮೀಟರ್ ಇಳಿಯಹೊರಟಾಗ, ಎದೆಗೂಡು ನಜ್ಜುಗುಜ್ಜಾಗುತ್ತದೆ ಎಂದೇ ತಿಳಿದವರು ಹೇಳಿದ್ದರು. ಆತ ಇಳಿದು ಜೀವಂತ ಮೇಲೆ ಬಂದ. 1976ರಲ್ಲಿ ಜಾಕ್ ಮಯೋಲ್ 100 ಮೀಟರ್ ಮುಟ್ಟಿದ. ಲೆಕ್ಕ ತಪ್ಪಿರಲಿಲ್ಲ, ದೇಹ ಮಾಡುವುದೇನೆಂದು ಲೆಕ್ಕ ಹಾಕಿದವರಿಗೆ ಗೊತ್ತಿರಲಿಲ್ಲ. ಮುಖಕ್ಕೆ ತಣ್ಣೀರು ತಾಕಿದ ಕೂಡಲೇ ಎದೆಬಡಿತ ನಿಧಾನವಾಗುತ್ತದೆ. ಕೈಕಾಲಿನ ರಕ್ತ ಎದೆಯತ್ತ ಸರಿದು, ಗಾಳಿ ತೆರವು ಮಾಡಿದ ಜಾಗ ತುಂಬುತ್ತದೆ. ಗುಲ್ಮ ಮುದುಡಿ, ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಸೀಲ್‌ಗಳಲ್ಲಿ ನಡೆಯುವುದೂ ಇದೇ. ಕಡಲು ಕಂಡಿರದ ನನ್ನ ಅಜ್ಜಿಯ ಮೈಯಲ್ಲೂ ಇದೆಲ್ಲ ಸಿದ್ಧವಾಗಿಯೇ ಇತ್ತಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಂಬಳಿಯ ಮೇಲೆ ಅಂಗಾತ ಮಲಗಿ ಹೊಟ್ಟೆಯಿಂದ ಉಸಿರಾಡಿದೆವು. ಬೇಗ ಬೇಗ ಉಸಿರೆಳೆದರೆ ಹೆಚ್ಚು ಹೊತ್ತು ಇರಬಹುದೆಂಬ ಭ್ರಮೆಯನ್ನು ಶಿಕ್ಷಕರು ಕೊಳದಲ್ಲೇ ಬಿಡಿಸಿದ್ದರು. ಉಸಿರು ಬೇಕೆಂದು ಚಡಪಡಿಸುವಂತೆ ಮಾಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಅವಸರದ ಉಸಿರು ಅದನ್ನು ಹೊರಹಾಕಿ ಎಚ್ಚರಿಕೆಯ ಗಂಟೆಯನ್ನೇ ತೆಗೆದುಬಿಡುತ್ತದೆ, ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಮೇಲೇರುವಾಗ ಕೊನೆಯ 10 ಮೀಟರಿನಲ್ಲಿ ಒತ್ತಡ ಅರ್ಧಕ್ಕಿಳಿಯುತ್ತದೆ, ಅದರೊಂದಿಗೆ ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಏನೂ ತೊಂದರೆಯಿಲ್ಲ ಎಂದುಕೊಂಡವನು ಬೆಳಕು ಕಾಣುವಲ್ಲೇ ಪ್ರಜ್ಞೆ ತಪ್ಪಬಹುದು. ಆಗ ಅವನ ಮುಖ ನೀರಿನಿಂದ ಮೇಲೆತ್ತಲು ಇನ್ನೊಬ್ಬರ ಕೈ ಬೇಕೇ ಬೇಕು.

ಬ್ಲೂ ಹೋಲಿನ ದಡದ ಬಂಡೆಗೆ ಇಲ್ಲಿ ಸತ್ತವರ ಹೆಸರುಗಳ ಫಲಕಗಳನ್ನು ಕೂರಿಸಿದ್ದಾರೆ. ಹೆಚ್ಚಿನವರು ಉಸಿರು ಕಟ್ಟಿ ಅಲ್ಲ, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದವರು. ಬಾವಿಯಿಂದ ಹೊರಗಡಲಿಗೆ ಸುಮಾರು 55 ಮೀಟರ್ ಆಳದಲ್ಲಿ ಒಂದು ಕಮಾನು ತೆರೆದಿದೆ. ಒಂದೇ ಉಸಿರಿನಲ್ಲಿ ಅದನ್ನು ದಾಟಿದ ಮೊದಲ ಮಹಿಳೆ ರಷ್ಯಾದ ನತಾಲಿಯಾ ಮೊಲ್ಚನೋವಾ. ಅದನ್ನೇ ಮಾಡಲು 2017ರ ಜುಲೈಯಲ್ಲಿ ಇಟಲಿಯ ಅಲೆಸ್ಸಿಯಾ ಜೆಕಿನಿ ಇಳಿದಳು. ಆಚೆ ಬದಿ ಅವಳಿಗೆ ಹಗ್ಗ ಸಿಗಲಿಲ್ಲ. ಕಾಯಲೆಂದು ಬಂದಿದ್ದ ಐರ್ಲೆಂಡಿನ ಸ್ಟೀಫನ್ ಕೀನನ್ ಅವಳನ್ನು ಮೇಲೆ ತಲುಪಿಸಿದ, ತಾನು ಉಳಿಯಲಿಲ್ಲ. ದಾಖಲೆ ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ನನಗೆ ಅವರಿಗಿಂತ ದೊಡ್ಡವನಾಗಿ ಕಂಡವನು ಈತ.

ನನ್ನ ಜೊತೆಗಾರ್ತಿ ಅಲೆಕ್ಸಾಂಡ್ರಿಯಾದ ಶಾಲಾ ಶಿಕ್ಷಕಿ. ನೀರಿಗಿಳಿಯುವ ಮುನ್ನ ಶಿಕ್ಷಕರು ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದರು. ಇಬ್ಬರೂ ಒಟ್ಟಿಗೆ ಮುಳುಗುವಂತಿಲ್ಲ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರ ಕಣ್ಣು ಅವರ ಮೇಲೆ. ಮೇಲೆ ಬಂದ ನಂತರವೂ 30 ಸೆಕೆಂಡು ಅವರನ್ನು ಬಿಟ್ಟು ಕದಲುವಂತಿಲ್ಲ. ಪ್ರಜ್ಞೆ ತಪ್ಪಿದವರ ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಮುಖಕ್ಕೆ ಗಾಳಿಯೂದಿ, ಹೆಸರು ಹಿಡಿದು ಕರೆಯುವುದನ್ನು ದಡದಲ್ಲೇ ಮಾಡಿ ತೋರಿಸಿದೆವು.

"ನೀವು ಎಷ್ಟು ಆಳ ಹೋಗ್ತೀರಿ ಅನ್ನೋದು ನನಗೆ ಮುಖ್ಯ ಅಲ್ಲ," ಎಂದರು ಆಕೆ. "ನಾನಿಳಿದಾಗ ನೀವು ಮೀನು ನೋಡ್ತಾ ಕೂರಬೇಡಿ, ಅಷ್ಟು ಸಾಕು."

ಕಿತ್ತಳೆ ಬಣ್ಣದ ತೇಲುಬುಂಡೆಯಿಂದ ಹಗ್ಗ ನೆಟ್ಟಗೆ ನೀಲಿಯೊಳಗೆ ಇಳಿದಿತ್ತು. ಮೊದಲು ಆಕೆ ಹೋದರು. ಸುತ್ತ ಕಿತ್ತಳೆ ಮೀನಿನ ಹಿಂಡೇ ಸುಳಿಯುತ್ತಿತ್ತು, ನಾನು ಆ ಫಿನ್ಸ್ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಕೆ ಬಂದು, ಚುಟುಕಾಗಿ ಬಿಟ್ಟು ಆಳವಾಗಿ ಎಳೆದು ಉಸಿರು ಕೂಡಿಸಿಕೊಂಡು, ಬೆರಳು ಸುತ್ತಿ ಸರಿ ಎಂದು ಸನ್ನೆ ಮಾಡಿದ ಮೇಲೆ ನನ್ನ ಸರದಿ.

ಸೊಂಟ ಬಗ್ಗಿಸಿ ತಲೆ ಕೆಳಗಾದೆ. ಮೂಗು ಹಿಡಿದು ನಾಲಿಗೆಯ ಬುಡದಿಂದ ಗಾಳಿ ತಳ್ಳಿದೆ, ಕಿವಿಗಳು ತೆರೆದವು. ಹಗ್ಗಕ್ಕೆ ಕಟ್ಟಿದ್ದ ಗುರುತು ಬಂದಾಗ ಕಾಲು ನಿಲ್ಲಿಸಿದೆ. ಮೈ ಏರಲಿಲ್ಲ, ಇಳಿಯಲೂ ಇಲ್ಲ. ಸೀಸದ ಲೆಕ್ಕ ಸರಿಯಾಗಿತ್ತು! ತಲೆಯೆತ್ತಿ ನೋಡಿದರೆ ಆಕೆಯ ಮಾಸ್ಕ್ ನನ್ನತ್ತಲೇ ತಿರುಗಿತ್ತು.

ನಾನು ಮೇಲೆ ಬಂದು ಸನ್ನೆ ಮಾಡಿ, 30 ಸೆಕೆಂಡು ಮುಗಿದ ಮೇಲೆ ಶಿಕ್ಷಕರು ಹಗ್ಗವನ್ನು ಇನ್ನೂ ಎರಡು ಮೀಟರ್ ಇಳಿಸಿದರು. ಆಕೆ ಆಗಲೇ ಬುಂಡೆ ಹಿಡಿದು ಉಸಿರು ನಿಧಾನಿಸುತ್ತಿದ್ದರು.