ಕಿಟಕಿಯ ಸರಳಿನ ಮೇಲಿನ ಅಕ್ಷರ

ಮೊನ್ನೆ ಮಳೆ ತುಸು ಬಿಡುವು ಕೊಟ್ಟಾಗ ಮಡಿಕೇರಿಯ ಗದ್ದಿಗೆಗೆ ಹೋಗಿದ್ದೆ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. ದೂರದಿಂದ ನೋಡುವವರು ಯಾವನೋ ಸುಲ್ತಾನನ ಗೋರಿಯೆಂದೇ ತಿಳಿದಾರು. ಒಳಗಿರುವುದು ಹಾಲೇರಿ ವಂಶದ ವೀರಶೈವ ಅರಸರ ಸಮಾಧಿ. ದೊಡ್ಡವೀರರಾಜೇಂದ್ರನ ಗದ್ದಿಗೆಯ ಕಿಟಕಿಗಳ ಹಿತ್ತಾಳೆ ಸರಳುಗಳಲ್ಲಿ ‘ವೀ’ ಎಂಬ ಒಂದೇ ಅಕ್ಷರವನ್ನು ಕೊರೆದಿದ್ದಾರೆ. ಅದರ ಮೇಲೆ ಬೆರಳಾಡಿಸುವಾಗ ಹಳೆಯದೊಂದು ಪ್ರಶ್ನೆ ನೆನಪಾಯಿತು.

1994ರಲ್ಲಿ ಒಂಬತ್ತನೆಯ ತರಗತಿಯವರನ್ನು ಬೀದರಿಗೆ ಪ್ರವಾಸ ಕರೆದೊಯ್ದಿದ್ದೆವು. (ರಾಜ್ಯದ ಈ ತುದಿಯಿಂದ ಆ ತುದಿಗೆ! ಬಸ್ಸಿನಲ್ಲಿ ವಾಂತಿ ಮಾಡದವರೇ ವಿರಳ.) ಕೋಟೆಯೊಳಗಿನ ರಂಗೀನ್ ಮಹಲು 16ನೆಯ ಶತಮಾನದಲ್ಲಿ ಬರೀದ್‌ಶಾಹಿ ಸುಲ್ತಾನ ಅಲಿ ಬರೀದನಿಂದ ನವೀಕೃತವಾದದ್ದು. ನುಣುಪಾದ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿ, ಒಳಕೋಣೆಯ ಬಾಗಿಲ ಮೇಲೆ ಪಾರಸಿ ಸಾಲುಗಳು. ಕೊನೆಯ ಬೆಂಚಿನ ಹುಡುಗನೊಬ್ಬ, “ಸಾರ್, ಅಲ್ಲಿ ಏನು ಬರೆದಿದ್ದಾರೆ?” ಎಂದ.

“ಬರಹ ಎಂಥದ್ದಪ್ಪಾ, ಬರೀ ಅಲಂಕಾರ. ನಡಿ, ಹೊತ್ತಾಯಿತು” ಎಂದುಬಿಟ್ಟೆ.

ಗೊತ್ತಿಲ್ಲವೆನ್ನಲು ನಾಚಿಕೆ. ಅಶೋಕನ ಮಸ್ಕಿ ಶಾಸನವನ್ನು ಗಂಟೆಗಟ್ಟಲೆ ಪಾಠ ಮಾಡುತ್ತಿದ್ದ ಸಮಾಜ ವಿಜ್ಞಾನದ ಮೇಷ್ಟ್ರು ನಾನು! ಹುಡುಗ ಮತ್ತೆ ಏನನ್ನೂ ಕೇಳಲಿಲ್ಲ. ಆ ವರ್ಷವಿಡೀ ಕೇಳಲಿಲ್ಲ.

ನಿವೃತ್ತನಾದ ಮೇಲೆ ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ಆ ಸಾಲುಗಳು ಕಾವ್ಯ. ಒಳಗೆ ಕಾಲಿಡುವವನ ಕಣ್ಣು ತಾನಾಗಿ ಏಳುವ ಜಾಗದಲ್ಲಿ, ಕಪ್ಪು ಕಲ್ಲಿನ ಮೇಲೆ ಬೆಳಕು ಹಿಡಿದು ಹೊಳೆಯುವಂತೆ ಅವನ್ನು ಕೂರಿಸಿದ್ದಾರೆ. ಸ್ಪೇನಿನ ಗ್ರನಾಡಾದಲ್ಲಿರುವ ಅಲ್‌ಹಂಬ್ರಾ ಅರಮನೆಯಲ್ಲಿ 14ನೆಯ ಶತಮಾನದ ಕವಿ ಇಬ್ನ್ ಜಮ್ರಕನ ಪದ್ಯಗಳು ಗೋಡೆಗಳ ಮೇಲಿವೆ. ಅಲ್ಲಿ ಕಟ್ಟಡವೇ ‘ನಾನು’ ಎಂದು ಮಾತನಾಡುತ್ತದೆ. ಸಿಂಹಗಳ ಕಾರಂಜಿಯ ಬಟ್ಟಲಿನ ಅಂಚಿನಲ್ಲಿ ಅದರ ನೀರಿನದೇ ವರ್ಣನೆ. ಅಷ್ಟು ದೂರವೇಕೆ? 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪುವಿನ ಅರಮನೆಯ ಬರಹ ಅದನ್ನು ಸ್ವರ್ಗವೂ ಅಸೂಯೆಪಡುವ ತಾಣವೆನ್ನುತ್ತದೆ. ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸಿದ್ದು ವಿಜಯಪುರದ ಇಬ್ರಾಹಿಂ ರೋಜಾ. ಅದು ಅರಮನೆಯಲ್ಲ, ಸಮಾಧಿ. ಆದರೆ ಅಲ್ಲಿನ ಕಿಟಕಿಯ ಕಲ್ಲಿನ ಜಾಲರಿಯೇ ಅರಬ್ಬೀ ಅಕ್ಷರಗಳು. ಬೆಳಕು ಅಕ್ಷರಗಳ ನಡುವಿನಿಂದ ಒಳಗಿಳಿಯುತ್ತದೆ. ಅಕ್ಷರ ತೆಗೆದರೆ ಕಿಟಕಿಯೇ ಇಲ್ಲ.

ನಮ್ಮ ‘ವೀ’ಗೆ ಅಷ್ಟು ಭಾರವಿಲ್ಲ; ಸರಳು ಅದಿಲ್ಲದೆಯೂ ನಿಂತೀತು. ಆದರೂ ಗುಮ್ಮಟದ ಜೊತೆಗೆ ಕಿಟಕಿಯಲ್ಲಿ ಅಕ್ಷರವಿಡುವ ಆಸೆಯೂ ನಮ್ಮ ಬೆಟ್ಟ ಹತ್ತಿ ಬಂತೇ ಎಂದು ಯೋಚಿಸುತ್ತ ನಿಂತಿದ್ದೆ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಇದನ್ನು ಓದುತ್ತಿದ್ದೀಯಾದರೆ ಕೇಳಪ್ಪಾ, ಅದು ಬರಹವೇ ಆಗಿತ್ತು. ನನಗೆ ಓದಲು ಬರುತ್ತಿರಲಿಲ್ಲ. ಮಡಿಕೇರಿಗೆ ಬಂದಾಗ ಮನೆಗೆ ಬಾ, ಗದ್ದಿಗೆಗೆ ಹೋಗೋಣ. ಈ ಸಲ ಬಸ್ಸಿನ ಆತುರವಿಲ್ಲ.