ನಮಗೇನಾಗಬೇಕು?

ನಡುಮನೆಯ ಗೋಡೆಗೆ ಒಂದು ಮರ್ಯಾದೆಯುಂಟು. ಅಲ್ಲಿ ಕಂಡಕಂಡವರಿಗೆ ಜಾಗವಿಲ್ಲ. ದೇವರ ಪಟಗಳ ಸಾಲು ಮುಗಿದ ಮೇಲೆ ಮನೆಯ ಹಿರಿಯರ ಸರದಿ: ಜರಿಯ ಪೇಟ ಧರಿಸಿದ ಮುತ್ತಜ್ಜ, ಕುರ್ಚಿಯ ಅಂಚಿನಲ್ಲಿ ಅಂಜಿ ಕುಳಿತ ಮುತ್ತಜ್ಜಿ, ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು. ಇವರೆಲ್ಲರೂ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟು, ಸ್ಟುಡಿಯೋದವನು ‘ಅಲುಗಬೇಡಿ’ ಎಂದೊಡನೆ ಉಸಿರು ಬಿಗಿಹಿಡಿದು ಕುಳಿತವರು. ಮುಂದಿನವರು ತಮ್ಮನ್ನು ಹೀಗೆ ನೋಡಲಿ ಎಂದು ಒಪ್ಪಿ, ಆ ಮುಖವನ್ನೇ ಮಕ್ಕಳು ಮೊಮ್ಮಕ್ಕಳಿಗೆ ಬಿಟ್ಟುಹೋದವರು.

ಬೆಂಗಳೂರಿನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಈ ಸಾಲಿನ ಕೊನೆಗೆ ಇನ್ನೊಂದು ಚಿತ್ರ ತೂಗುತ್ತಿತ್ತು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸವನ್ನು ಬೋಧಿಸಿದ ಅವರಿಗೆ ಪುಸ್ತಕವನ್ನು ಬಿಟ್ಟರೆ ಕ್ಯಾಮೆರಾ ಒಂದೇ ವ್ಯಸನ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ನೆರೆಗೆ ಸಿಕ್ಕಿದಾಗ, ವಿದ್ಯಾರ್ಥಿಗಳೊಡನೆ ಅಕ್ಕಿ ಕಂಬಳಿಗಳ ಲಾರಿ ಹತ್ತಿ ರಾಯಚೂರು ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿ ಅವರು ತೆಗೆದ ಚಿತ್ರ ಅದು. ಗೋಡೆಗಳು ಕುಸಿದು ಹೊಸ್ತಿಲು ಮಾತ್ರ ಉಳಿದ ಮನೆ. ಹೊಸ್ತಿಲ ಮೇಲೆ ಒಬ್ಬ ಮುದುಕಿ. ಮಡಿಲಲ್ಲಿ ನೆಗ್ಗಿದ ಪಾತ್ರೆ. ಬಲಗೈ ಸೆರಗನ್ನು ಹಿಡಿದು ಅರ್ಧಕ್ಕೆ ಮೇಲೆದ್ದಿದೆ. ಸ್ಪರ್ಧೆಯೊಂದರಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ತೀರ್ಪುಗಾರರು ಆ ಕೈಯನ್ನು ವಿಶೇಷವಾಗಿ ಮೆಚ್ಚಿಕೊಂಡಿದ್ದರು.

ಬೇಸಗೆಯ ರಜಕ್ಕೆ ಬಂದ ಒಂಬತ್ತು ವರ್ಷದ ಮೊಮ್ಮಗಳು ಒಂದು ಮಧ್ಯಾಹ್ನ ಗೋಡೆಯವರೆಲ್ಲರ ಪರಿಚಯ ಮಾಡಿಕೊಳ್ಳತೊಡಗಿದಳು. ಪ್ರತಿಯೊಬ್ಬರ ಮುಂದೆಯೂ ನಿಂತು, “ತಾತ, ಇವರು ನಮಗೇನಾಗಬೇಕು?” ಎಂದು ಕೇಳುವುದು, ತಾತ ನಂಟಸ್ತಿಕೆಯನ್ನು ಬಿಡಿಸಿ ಹೇಳುವುದು. ಹೀಗೆ ಸಾಲು ಮುಗಿದು, ಮುದುಕಿಯ ಸರದಿ ಬಂದಿತು.

“ಈ ಅಜ್ಜಿ ನಮಗೇನಾಗಬೇಕು?”

“ಏನೂ ಆಗಬೇಕಾಗಿಲ್ಲ ಮಗು.”

“ಅದು ನಿಮ್ಮ ತಾತನಿಗೆ ಬಹುಮಾನ ಬಂದ ಪಟ ಕಣೇ,” ಎಂದರು ಅಡಿಗೆಮನೆಯಿಂದ ಅಜ್ಜಿ.

“ಅವರ ಹೆಸರೇನು?”

ಮೇಷ್ಟರು ಮಾತಾಡಲಿಲ್ಲ.

“ಕೈ ಯಾಕೆ ಎತ್ತಿದಾರೆ ತಾತ?”

ಆಗಲೂ ಮಾತಾಡಲಿಲ್ಲ. ಹುಡುಗಿ ಆಟಕ್ಕೆ ಓಡಿದಳು. ಪ್ರಶ್ನೆಗಳು ಗೋಡೆಯ ಬಳಿಯೇ ನಿಂತವು.

ಆ ರಾತ್ರಿ ಮೇಷ್ಟರಿಗೆ ನಿದ್ರೆ ಹತ್ತಲಿಲ್ಲ. ನೋಯುವವರ ಚಿತ್ರ ತೆಗೆಯುವುದು ಇಂದು ನೆನ್ನೆಯ ಕಥೆಯಲ್ಲವೆಂಬುದನ್ನು ಅವರೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ, ಮದರಾಸು ಪ್ರಾಂತವನ್ನೂ ಮೈಸೂರು ಸೀಮೆಯನ್ನೂ ಹಿಂಡಿಹಾಕಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಮದರಾಸು ಸೇನೆಯ ಅಧಿಕಾರಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಎಂಬಾತ, ಎಲುಬಿನ ಗೂಡುಗಳಾಗಿದ್ದ ಗಂಡಸರು ಹೆಂಗಸರು ಮಕ್ಕಳನ್ನು ಕ್ಯಾಮೆರಾದ ಮುಂದೆ ಒಟ್ಟಿಗೆ ಕೂರಿಸಿ ಚಿತ್ರಗಳನ್ನು ತೆಗೆದನು. ಮದುವೆಯ ಗುಂಪುಚಿತ್ರದಂತೆಯೇ ಹಿಂದೆ ಕೆಲವರು, ಮುಂದೆ ಕೆಲವರು. ತೆಗೆದವನ ಹೆಸರು ಉಳಿಯಿತು. ಕುಳಿತವರ ಹೆಸರು ಉಳಿಯಲಿಲ್ಲ.

ಹಾಗೆಂದು ಚಿತ್ರವೇ ಕೂಡದೆನ್ನಲಾದೀತೆ? ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರ ಚಿತ್ರವನ್ನು 1877ರ ಅಕ್ಟೋಬರಿನಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಅಚ್ಚುಹಾಕಿತು. ಅದೇ ವರ್ಷ ಲಂಡನ್ನಿನ ಮೇಯರರು ತೆರೆದ ಕ್ಷಾಮನಿಧಿಗೆ ಜನ ಲಕ್ಷಗಟ್ಟಲೆ ಪೌಂಡುಗಳನ್ನು ಕೊಟ್ಟರು. ದೂರದ ಹಸಿವು ಕಣ್ಣಿಗೆ ಬೀಳದೆ ಕೈ ಜೇಬಿಗೆ ಹೋಗದು. ಇದು ಮನುಷ್ಯನ ದೌರ್ಬಲ್ಯವೋ ಶಕ್ತಿಯೋ, ಅಂತೂ ನಿಜ.

ಆದರೆ ಅದೇ ಹೂಪರನ ಮುಂದಿನ ಕಥೆ ಬೇರೆ. 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಅವನು ಸೇನೆಯ ದಂಡನಾಧಿಕಾರಿಯಾಗಿದ್ದನು. ಡಕಾಯಿತರೆಂದು ಹಿಡಿದವರನ್ನು ಗೋಡೆಯ ಮುಂದೆ ನಿಲ್ಲಿಸಿ ಗುಂಡಿಕ್ಕುವಾಗ, ಗುಂಡು ತಗಲುವ ಕ್ಷಣವನ್ನು ಹಿಡಿಯಬೇಕೆಂದು ಕ್ಯಾಮೆರಾ ಹೂಡಿದನು. ಚಿತ್ರ ಸರಿಯಾಗಿ ಬರಲೆಂದು ಗುಂಡಿನ ಆಜ್ಞೆಯನ್ನೇ ತಡೆಹಿಡಿದನೆಂಬ ಆಪಾದನೆ ಬಂದಿತು. ಲಂಡನ್ನಿನ ಪತ್ರಿಕೆಯಲ್ಲಿ ಸುದ್ದಿಯಾಗಿ, ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೆದ್ದು, ವಿಚಾರಣೆ ನಡೆದು, ಅವನಿಗೆ ಛೀಮಾರಿಯಾಯಿತು. ಸಾಯುವವನು ಕ್ಯಾಮೆರಾಕ್ಕಾಗಿ ಕಾಯಬೇಕೆಂಬುದನ್ನು ಸಾಮ್ರಾಜ್ಯದ ಗದ್ದುಗೆಯವರೂ ಸಹಿಸಲಿಲ್ಲ. ಗುಂಡಿಟ್ಟದ್ದನ್ನೇನೋ ಸಹಿಸಿದರು.

ಇನ್ನೊಂದು ಬಗೆಯೂ ಉಂಟು. 1943ರಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಜನ ಹಸಿದು ಸಾಯುತ್ತಿದ್ದಾಗ ಸರ್ಕಾರ ಕ್ಷಾಮವೆಂಬ ಮಾತನ್ನು ಒಪ್ಪಲು ಹಿಂದೆಗೆಯುತ್ತಿತ್ತು. ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ಬೀದಿಗಳ ಚಿತ್ರಗಳನ್ನು ಪ್ರಕಟಿಸಿದರು. ಪುಟದ ಮೇಲೆ ಹೆಣ ಮಲಗಿದ ಮೇಲೆ ಇಲ್ಲವೆನ್ನುವುದು ಯಾರಿಗೂ ಸುಲಭವಾಗಲಿಲ್ಲ. ಆ ಚಿತ್ರಗಳು ಹೊಣೆಗಾರರ ಮುಖಕ್ಕೆ ಹಿಡಿದ ಲೆಕ್ಕದ ಪುಸ್ತಕವಾಗಿದ್ದವು.

ಮರುವರ್ಷ, 1944ರ ಆಗಸ್ಟಿನಲ್ಲಿ, ಬಿರ್ಕೆನೌದ ನಾಜಿ ಶಿಬಿರದಲ್ಲಿ ಹೆಣಗಳನ್ನು ಸುಡುವ ಕೆಲಸಕ್ಕೆ ನೂಕಲ್ಪಟ್ಟಿದ್ದ ಯೆಹೂದಿ ಕೈದಿಗಳು ಕದ್ದು ತರಿಸಿಕೊಂಡ ಕ್ಯಾಮೆರಾದಿಂದ ನಾಲ್ಕು ಚಿತ್ರಗಳನ್ನು ತೆಗೆದರು. ಸಿಕ್ಕಿಬಿದ್ದರೆ ಸಾವು; ಸಿಕ್ಕದಿದ್ದರೂ ಸಾವು ದೂರವಿರಲಿಲ್ಲ. ಫಿಲ್ಮನ್ನು ಹಲ್ಲುಜ್ಜುವ ಪೇಸ್ಟಿನ ಕೊಳವೆಯಲ್ಲಿ ಬಚ್ಚಿಟ್ಟು ಹೊರಕ್ಕೆ ಸಾಗಿಸಿದರು. ಅವುಗಳಲ್ಲೊಂದರಲ್ಲಿ ಮರದ ಕೊಂಬೆಗಳೂ ಆಕಾಶವೂ ಮಾತ್ರ ಕಾಣುತ್ತವೆ. ಆ ಚಿತ್ರಕ್ಕೆ ಯಾವ ಸ್ಪರ್ಧೆಯಲ್ಲಿಯೂ ಬಹುಮಾನ ಬರಲಾರದು. ಆದರೆ ಅದನ್ನು ತೆಗೆದವನನ್ನು ‘ಇವರು ನಿನಗೇನಾಗಬೇಕು?’ ಎಂದು ಯಾರಾದರೂ ಕೇಳಿದ್ದರೆ ಅವನಲ್ಲಿ ಉತ್ತರವಿತ್ತು. ಅವರು ಅವನ ಜನ. ನಾಳೆ ಅವರ ಜಾಗದಲ್ಲಿ ಅವನು.

ಕ್ಯಾಮೆರಾ ಒಂದೇ, ಹಿಡಿದ ಕೈ ಬೇರೆ ಎಂದು ಮೇಷ್ಟರು ತರಗತಿಯಲ್ಲಿ ಪಾಠ ಮುಗಿಸುತ್ತಿದ್ದರು. ಪಾಠ ಅಲ್ಲಿಗೇ ಮುಗಿಯುವುದಿಲ್ಲವೆಂದು ಈಗ ತೋರಿತು. ನೋಡಿದವನ ಕೈಗೇನು ಕೆಲಸ? ಆ ದಿನ ಬೆಳಿಗ್ಗೆ ತಾನೆ ಯಾರೋ ಹೆದ್ದಾರಿಯ ಅಪಘಾತವೊಂದರ ದೃಶ್ಯವನ್ನು ಅವರ ಫೋನಿಗೆ ಕಳಿಸಿದ್ದರು. ರಸ್ತೆಯಲ್ಲಿ ಬಿದ್ದವನು ಇನ್ನೂ ಕೈಯಾಡಿಸುತ್ತಿದ್ದ. ಮೇಷ್ಟರು ‘ಅಯ್ಯೋ’ ಎಂದಿದ್ದರು. ಇಬ್ಬರು ಸ್ನೇಹಿತರಿಗೆ ಮುಂದಕ್ಕೆ ಕಳಿಸಿದ್ದರು. ಕಾಫಿ ಆರುವ ಮೊದಲೇ ಕುಡಿದಿದ್ದರು. ಆ ‘ಅಯ್ಯೋ’ ಸುಳ್ಳಲ್ಲ. ಆದರೆ ಅದು ಯಾರನ್ನೂ ಮುಟ್ಟದ ಕರುಣೆ. ಹೇಳಿದವನ ಬಾಯಿಗೆ ಮಾತ್ರ ತಂಪು. ಬಿದ್ದವನ ತಾಯಿ ಆ ಚಿತ್ರವನ್ನು ಎಲ್ಲಿ, ಯಾರ ಫೋನಿನಲ್ಲಿ ನೋಡುವಳೋ!

ನೋವನ್ನು ನೋಡಲೇಬಾರದೆಂದರೆ ಅನ್ಯಾಯ ಮಾಡುವವನಿಗೆ ಅನುಕೂಲ. ನೋಡಿ ಸುಮ್ಮನಿದ್ದರೆ ನೋಯುವವನಿಗೆ ಎರಡನೆಯ ಅವಮಾನ. ಇವೆರಡರ ನಡುವೆ ಇರುವ ದಾರಿ ಇಕ್ಕಟ್ಟಿನದು: ನೋಡಿದ ಕ್ಷಣದಿಂದ ಆ ಮನುಷ್ಯ ತನಗೆ ಏನೋ ಒಂದು ಆಗಬೇಕೆಂದು ಒಪ್ಪಿಕೊಳ್ಳುವುದು. ನಂಟಸ್ತಿಕೆಯೆಂದ ಮೇಲೆ ಹೆಸರು ಕೇಳಬೇಕು, ಮಾನ ಕಾಯಬೇಕು, ಕೈಲಾದದ್ದನ್ನು ಮಾಡಬೇಕು, ಕೆಲವು ಸಲ ಮುಖ ತಿರುಗಿಸಿಕೊಳ್ಳಲೂ ಬೇಕು.

ಮುದುಕಿಯ ಕೈ ಏಕೆ ಎದ್ದಿತೆಂಬುದು ಮೇಷ್ಟರಿಗೆ ಅಂದಿನಿಂದಲೂ ಗೊತ್ತಿತ್ತು. ಕಂಬಳಿ ಕೊಟ್ಟಾಗ ಆಕೆ ಕೈಮುಗಿದಿದ್ದಳು. ಕ್ಯಾಮೆರಾ ಎತ್ತಿದಾಗ ನಾಚಿ, ಸೆರಗನ್ನು ಮುಖಕ್ಕೆ ಎಳೆದುಕೊಳ್ಳಹೋದಳು. ಮುಖ ಮರೆಯಾದೀತೆಂದು ಅವರು ಅವಸರದಿಂದ ಗುಂಡಿ ಒತ್ತಿದ್ದರು. ತೀರ್ಪುಗಾರರು ಮೆಚ್ಚಿದ್ದು ಬೇಡವೆಂದ ಕೈಯನ್ನು.

ಬೆಳಗಾಗುತ್ತಲೇ ಅವರು ಸ್ಟೂಲು ಹತ್ತಿ ಪಟವನ್ನು ಇಳಿಸಿದರು. ಎಸೆಯಲು ಮನಸ್ಸು ಬರಲಿಲ್ಲ. ಎಸೆದರೆ ಆಕೆಯನ್ನು ಇನ್ನೊಮ್ಮೆ ಮನೆಯಿಂದ ಹೊರಹಾಕಿದಂತೆ. ಹಿಂಬದಿಯಲ್ಲಿ ಬಹುಮಾನದ ಚೀಟಿಯಿತ್ತು. ಅದರ ಕೆಳಗೆ ವರ್ಷ, ತಿಂಗಳು, ಜಿಲ್ಲೆ ಬರೆದರು. ಊರಿನ ಹೆಸರು ನೆನಪಿಗೆ ಬಂದಿತು, ಅದನ್ನೂ ಬರೆದರು. ಮೊಮ್ಮಗಳು ಕಣ್ಣುಜ್ಜಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತಳು.

“ಅಜ್ಜಿ ಹೆಸರು ಬರೀರಿ ತಾತ.”

ಮೇಷ್ಟರು ಲೇಖನಿಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದು, ಆ ಜಾಗದಲ್ಲಿ ‘ಕೇಳಲಿಲ್ಲ’ ಎಂದು ಬರೆದರು.