ದೋಷದ ಮೂಲ

ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಒಮ್ಮೆ ಕೆಟ್ಟು, ಮತ್ತೊಮ್ಮೆ ತಾನಾಗಿಯೇ ಸರಿಯಾಗುವ ಯಂತ್ರವನ್ನು ಸರಿಪಡಿಸುವುದೇ ಕಷ್ಟ. ತುಂಡಾದ ತಂತಿಯು ಕಣ್ಣಿಗೆ ಕಾಣುತ್ತದೆ. ಆದರೆ ಹುಡುಕಲು ಬಂದೊಡನೆ ಮರೆಯಾಗುವ ದೋಷವು ಯಂತ್ರವನ್ನು ಮಾತ್ರವಲ್ಲದೆ ಮನುಷ್ಯನ ತಾಳ್ಮೆಯನ್ನೂ ನ್ಯಾಯಬುದ್ಧಿಯನ್ನೂ ಪರೀಕ್ಷಿಸುತ್ತದೆ. ಗಣಕಯಂತ್ರವು ಇದ್ದಕ್ಕಿದ್ದಂತೆ ಸ್ತಬ್ಧವಾಗುವುದು ಇಂತಹ ಒಂದು ದೋಷ.

ವಾಮದಪದವು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಒಂದು ಊರು. ತುಳುವಿನಲ್ಲಿ ಪದವು ಎಂದರೆ ಎತ್ತರದ ಸಮತಟ್ಟು ನೆಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯದು. ಆಟಿ ತಿಂಗಳಿನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಬೆಂಕಿಕಡ್ಡಿ ಗೀರಿದರೂ ಹೊತ್ತದು.

ಅಂತಹ ಒಂದು ಆಟಿಯಲ್ಲಿ, ಅಲ್ಲಿಯ ಕೃಷಿಕರೊಬ್ಬರ ಮನೆಯ ಗಣಕಯಂತ್ರವು ನಡುನಡುವೆ ನಿಲ್ಲತೊಡಗಿತು. ಪದವಿ ತರಗತಿಯಲ್ಲಿ ಓದುತ್ತಿದ್ದ ಮಗಳು ಬೆರಳಚ್ಚು ಮಾಡುತ್ತಿದ್ದಂತೆ ಪರದೆಯು ಚಿತ್ರದಂತೆ ನಿಶ್ಚಲವಾಯಿತು. ಕೀಲಿಗಳನ್ನು ಒತ್ತಿದರೂ ಫಲವಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ, ಉಳಿಸಿಡದ ಎಂಟು ಪುಟಗಳು ಹೋಗಿದ್ದವು. ಒಂಬತ್ತನೆಯ ತರಗತಿಯ ಮಗನ ಮೇಲೆ ತಂದೆ ಸಿಟ್ಟಾದರು.

“ನಿನ್ನ ಆಟಗಳಿಂದಲೇ ಇದು ಹಾಳಾಯಿತು. ಇನ್ನು ಇದನ್ನು ಮುಟ್ಟಬೇಡ.”

ಹುಡುಗನು ಎದುರಾಡಲಿಲ್ಲ. ಆ ರಾತ್ರಿ ಅಕ್ಕನೊಡನೆ ಮಾತ್ರ ಹೇಳಿದನು: “ಅಕ್ಕ, ನಾನು ಮುಟ್ಟದ ದಿನವೂ ಅದು ನಿಲ್ಲುತ್ತದೆಯೇ ಎಂದು ಬರೆದಿಡು.”

ಅಕ್ಕ ಒಂದು ಪುಸ್ತಕವನ್ನು ತೆರೆದಳು. ದಿನ, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಮಳೆಯೋ ಬಿಸಿಲೋ ಎಂಬುದನ್ನೆಲ್ಲ ಬರೆದಳು. ಒಂದು ವಾರದಲ್ಲಿ ಯಂತ್ರ ನಾಲ್ಕು ಬಾರಿ ನಿಂತಿತು. ಹುಡುಗನು ಆ ಕೋಣೆಗೇ ಕಾಲಿಟ್ಟಿರಲಿಲ್ಲ.

ಆಮೇಲೆ ಅವಳು ಸಂಶಯಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎರಡು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ರೋಗ ಯಾವುದರಿಂದ ವಾಸಿಯಾಯಿತೆಂದು ತಿಳಿಯದಷ್ಟೆ. ಧೂಳು ತುಂಬಿ ಫ್ಯಾನು ನಿಧಾನವಾದರೆ ಯಂತ್ರದ ಒಳಭಾಗ ಕಾದು ಕೆಲಸ ನಿಲ್ಲಬಹುದು. ಧೂಳನ್ನು ತೆಗೆದರೂ ದೋಷ ಉಳಿಯಿತು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಏರಿಳಿದರೂ ಹಾಗಾಗಬಹುದು. ನೆರೆಮನೆಯ ಯುಪಿಎಸ್ ತಂದು ಜೋಡಿಸಿದರೂ ದೋಷ ಹೋಗಲಿಲ್ಲ.

ಮೂರನೆಯ ಸಂಶಯ ಸ್ಮೃತಿಯ ಮೇಲೆ. ಗಣಕಯಂತ್ರವು ಮಾಡುತ್ತಿರುವ ಕೆಲಸವನ್ನು ರ‍್ಯಾಮ್ ಎಂಬ ಪಟ್ಟಿಗಳಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ ಒಂದು ಅಂಕೆ ತಪ್ಪಿದರೂ ಯಂತ್ರ ದಾರಿಗಾಣದೆ ನಿಲ್ಲಬಹುದು. ಇದನ್ನು ಪರೀಕ್ಷಿಸಲು ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಬರೆದಿದ್ದರು. ಅದನ್ನು ನಡೆಸಿದಾಗ ತಪ್ಪುಗಳು ಕಾಣಿಸಿಕೊಂಡವು. ಎರಡು ಪಟ್ಟಿಗಳನ್ನು ಒಂದೊಂದಾಗಿ ಬೇರೆಬೇರೆ ಸೀಳುಗಳಲ್ಲಿಟ್ಟು ನೋಡಿದಾಗ, ಎರಡನೆಯ ಸೀಳಿನಲ್ಲಿ ಯಾವ ಪಟ್ಟಿಯನ್ನಿಟ್ಟರೂ ತಪ್ಪು ಬರುತ್ತಿತ್ತು. ದೋಷ ಪಟ್ಟಿಯದಲ್ಲ, ಸೀಳಿನದು ಎಂದಾಯಿತು.

ವಿದ್ಯುತ್ತಿನ ತಂತಿಯನ್ನು ಕಳಚಿ, ಟಾರ್ಚಿನ ಬೆಳಕಿನಲ್ಲಿ ಅಕ್ಕ ತಮ್ಮ ಇಬ್ಬರೂ ಇಣುಕಿದರು. ಸೀಳಿನ ಮೂಲೆಯಲ್ಲಿ ಇರುವೆಗಳು ತಂದಿಟ್ಟ ಕಸವಿತ್ತು. ಮಳೆಗಾಲದ ತೇವವನ್ನು ಹೀರಿ ಅದು ಲೋಹದ ಸಂಪರ್ಕಕ್ಕೆ ಅಡ್ಡಿಯಾಗಿತ್ತು. ಸಂಪರ್ಕ ಒಮ್ಮೆ ತಾಗುವುದು, ಒಮ್ಮೆ ತಪ್ಪುವುದು. ಆದುದರಿಂದಲೇ ದೋಷಕ್ಕೆ ಹೊತ್ತುಗೊತ್ತಿರಲಿಲ್ಲ. ಒಣ ಕುಂಚದಿಂದ ಕಸವನ್ನು ತೆಗೆದು ರಾತ್ರಿಯಿಡೀ ಪರೀಕ್ಷೆ ನಡೆಸಿದರು. ಒಂದು ತಪ್ಪೂ ಬರಲಿಲ್ಲ.

ಸಣ್ಣ ಜೀವಿಗಳು ದೊಡ್ಡ ಯಂತ್ರಗಳನ್ನು ನಿಲ್ಲಿಸಿದುದು ಇದೇ ಮೊದಲಲ್ಲ. ಅಮೆರಿಕದಲ್ಲಿ 1947ರ ಸೆಪ್ಟೆಂಬರ್ 9ರಂದು, ಹಾರ್ವರ್ಡ್ ಮಾರ್ಕ್ 2 ಎಂಬ ಗಣಕದ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅಲ್ಲಿಯ ಕೆಲಸಗಾರರು ಅದನ್ನು ಎಸೆಯಲಿಲ್ಲ. ದಿನವಹಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಗಂಟೆಯನ್ನೂ ಸ್ಥಳವನ್ನೂ ಗುರುತಿಸಿದರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಅವರು ಮುಂದೆ ಈ ಸಂಗತಿಯನ್ನು ಹಲವೆಡೆ ಹೇಳುತ್ತಿದ್ದರು. ಕಂಡದ್ದನ್ನು ಕಂಡಂತೆ ಬರೆದಿಡುವುದೇ ದೋಷಶೋಧನೆಯ ಮೊದಲ ಪಾಠ.

ಮರುದಿನ ಬೆಳಿಗ್ಗೆ ತಂದೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮಗನನ್ನು ಹತ್ತಿರ ಕರೆದು, “ನೋಡದೆ ನಿನ್ನನ್ನು ಗದರಿಸಿದೆ, ಮಗಾ. ತಪ್ಪು ನನ್ನದು” ಎಂದರು. ಹುಡುಗನ ಕಣ್ಣು ತುಂಬಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹಳೆಯದು. ಯಂತ್ರವು ತನ್ನ ನೋವನ್ನು ಹೇಳಲಾರದು. ಗದರಿಸಿಕೊಂಡ ಮಗುವೂ ಎಷ್ಟೋ ಬಾರಿ ಹೇಳಲಾರದು. ಇಬ್ಬರ ವಿಷಯದಲ್ಲಿಯೂ ಸತ್ಯವನ್ನು ತಿಳಿಯಲು ಬೇಕಾದುದು ಸಿಟ್ಟಲ್ಲ, ತಾಳ್ಮೆಯ ಪರೀಕ್ಷೆ.